ತಿಪ್ಪೇಶಣ್ಣನ ಫೋನಿನಿಂದ ನಾನು ಮಾಡಿದ ಕರೆ

ಮಾನ್ಯ ತಿಪ್ಪೇಶಣ್ಣನವರಿಗೆ,

ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಭದ್ರವಿಲ್ಲ. ಇಲಾಖೆಯ ವರದಿ ಬಿಟ್ಟು ಬೇರೇನನ್ನೂ ಬರೆದವನಲ್ಲ, ಮನ್ನಿಸಬೇಕು. ವಿಷಯವೇನೆಂದರೆ — ಹರಿಹರಕ್ಕೆ ಹೊರಟ ಆ ಬೆಳಿಗ್ಗೆ ತಮ್ಮ ಫೋನಿನಿಂದ ಕರೆ ಮಾಡಿ ಆರೋಪಿಯನ್ನು ತಪ್ಪಿಸಿದವನು ನಾನು. ಶಿಕ್ಷೆ ಉಂಡವರು ತಾವು.

ನಮ್ಮ ಪೊಲೀಸ್ ತುಕಡಿಯ ವ್ಯಾನಿಗೆ ತಾವು ಚಾಲಕರು. ಪಕ್ಕದ ಸೀಟು ನನ್ನದು. ಗಾಡಿ ಹತ್ತಿದೊಡನೆ ಫೋನನ್ನು ನನ್ನ ಕೈಗಿಡುವುದು ತಮ್ಮ ರೂಢಿ. ಅತ್ತಿಗೆಯವರ ಕರೆ ಬಂದರೆ "ಗಾಡಿ ಓಡಿಸ್ತಾ ಅದಾರ್ರಿ" ಎನ್ನುತ್ತಿದ್ದವನೂ ನಾನೇ. ಅಷ್ಟು ನಂಬಿಕೆ.

ಹರಿಹರದ ಒಂದು ಓಣಿಗೆ ಯಾರ ಹೆಸರಿಡಬೇಕೆಂಬ ಜಗಳದಲ್ಲಿ ಒಬ್ಬರ ತಲೆ ಒಡೆದಿದ್ದವನು ನನ್ನ ಜಾತಿಯವನು. ಅವನನ್ನು ಹಿಡಿಯಲು ಹೊರಟಿದ್ದೆವು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಎಲ್ಲರೂ ಇಳಿದಿರಿ. ನಾನು ಇಳಿಯಲಿಲ್ಲ. ನನ್ನ ಕೈಯಲ್ಲೇ ಉಳಿದಿದ್ದ ತಮ್ಮ ಫೋನಿನಿಂದ, ನಿಟ್ಟುವಳ್ಳಿಯಲ್ಲಿದ್ದ ನಮ್ಮ ಸಮಾಜದ ಹಿರಿಯರೊಬ್ಬರಿಗೆ ಹೇಳಿದೆ: "ವ್ಯಾನ್ ಹೊಂಟೈತ್ರಿ, ಅವನ್ನ ಮನ್ಯಾಗ ಇರಬ್ಯಾಡ ಅನ್ರಿ." ನನ್ನ ಫೋನು ಜೇಬಿನಲ್ಲಿಯೇ ಇತ್ತು. ಅದನ್ನೇಕೆ ಮುಟ್ಟಲಿಲ್ಲ ಎಂಬುದನ್ನು — ತಮಗೆ ವಿವರಿಸಬೇಕಾಗಿಲ್ಲ.

ಆರೋಪಿ ಸಿಗಲಿಲ್ಲ, ಕರೆಗಳ ದಾಖಲೆಯಲ್ಲಿ ತಮ್ಮ ನಂಬರು ಸಿಕ್ಕಿತು. ಇಲಾಖೆಯ ವಿಚಾರಣೆಯಲ್ಲಿ ಆ ಹಿರಿಯರು, ಮಾತಾಡಿದವನು ಚಾಲಕನೇ ಎಂದು ಹೇಳಿಬಿಟ್ಟರು. ಅದರ ಹಿಂದಿನ ದಿನ ತಾವು ನನ್ನನ್ನು ಕೇಳಿದ್ದು ಒಂದೇ ಮಾತು:

"ಫೋನು ನಿನ್ನ ಕೈಯಾಗಿತ್ತಲ್ಲೋ ಮಾರಾಯ?"

"ನನಗೇನ್ ಗೊತ್ತಣ್ಣ."

"ಹಂಗಾರ ಬಿಡು. ಒಂದ ತುಕಡಿಯೋರು ನಾವು."

ಮರುದಿನ ಸಾಹೇಬರ ಮುಂದೆ ಫೋನು ತಮ್ಮ ಜೇಬಿನಲ್ಲಿಯೇ ಇತ್ತೆಂದಿರಿ. ತಮ್ಮ ಕೈಯಿಂದ ಸ್ಟೇರಿಂಗ್ ಹೋಯಿತು, ದೂರದ ಊರಿಗೆ ವರ್ಗವಾಯಿತು, ಇಲಾಖೆಯನ್ನು ಮಾರಿಕೊಂಡವನೆಂಬ ಹೆಸರೂ ಬಂತು. ನನಗೆ ಸಮಾಜದವರು ಪಿ.ಜೆ. ಬಡಾವಣೆಯಲ್ಲಿ ಶಾಲು ಹೊದಿಸಿದರು. ಹೊದಿಸಿಕೊಂಡೆ — ಅಲ್ಲ, ಬಗ್ಗಿ ಹೊದಿಸಿಕೊಂಡೆ.

ಈಗ ಹೊಸದಾಗಿ ಸೇರಿದವರಿಗೆ ಕವಾಯತು ಕಲಿಸುವವನು ನಾನು. ಬಂದವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ "ನೀ ಯಾವ ಪೈಕಿ?" ಊಟದ ಡಬ್ಬಿಯೂ ಜಾತಿ ನೋಡಿಯೇ ತೆರೆಯುತ್ತದೆ. ಬೈದು ಬೈದು ಗಂಟಲು ಒಣಗಿದೆ. ಬೈಯಲು ನನಗೇನು ಅರ್ಹತೆ? ನಿನ್ನೆ ಅದೇ ಹಿರಿಯರು ಕರೆ ಮಾಡಿದ್ದರು.

"ನಮ್ಮೋರನ್ನೆಲ್ಲ ಒಂದ ವ್ಯಾನಿಗೆ ಹಾಕ್ಸಪಾ, ಒಳಗಿನ ಸುದ್ದಿ ಸಿಗ್ತೈತೆ. ಹಳೇದು ನೆನಪೈತಲ್ಲ?"

"ಐತ್ರಿ. ನಾಳೆ ಬರೆದು ಕೊಡ್ತೀನಿ."

ಅವರು ನಕ್ಕರು. ಪಟ್ಟಿ ಬರೆಯುತ್ತೇನೆಂದು ತಿಳಿದಿರಬೇಕು.

ಇಂದು ಬೆಳಿಗ್ಗೆ ಹತ್ತಕ್ಕೆ ನನ್ನ ಲಿಖಿತ ಹೇಳಿಕೆಯನ್ನು ಸಾಹೇಬರ ಮೇಜಿನ ಮೇಲಿಡುತ್ತೇನೆ. ತಮಗೆ ಹೋದ ವರ್ಷಗಳು ಅದರಿಂದ ಮರಳುವುದಿಲ್ಲ. ನಕಲನ್ನು ಈ ಪತ್ರದೊಂದಿಗೆ ಲಗತ್ತಿಸಿದೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ನನ್ನ ಅಪರಾಧವನ್ನು ಎಲ್ಲಿಯಾದರೂ ಕಡಿಮೆ ಮಾಡಿ ಬರೆದಿದ್ದರೆ, ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಸಾಹೇಬರಿಗೇ ಕಳುಹಿಸಬೇಕಾಗಿ ಕೋರುತ್ತೇನೆ.