ದಾರಿಯಲ್ಲಿ ಕಳೆದುಹೋದ ನೀರು

ಹೆದರುವುದಕ್ಕೂ ಒಂದು ಪ್ರತಿಭೆ ಬೇಕೆನ್ನುವುದಾದರೆ, ಆಕೆಗೆ ಅದು ಹುಟ್ಟಿನಿಂದಲೇ ಬಂದಿತ್ತು. ಚಿಕ್ಕವಳಿದ್ದಾಗ ಕುಕ್ಕರ್ ಕೂಗಿದರೆ ಮನೆ ಬಿಟ್ಟು ಬೀದಿಗೆ ಓಡುತ್ತಿದ್ದಳಂತೆ. ಅಂಥವಳು ಓದು ಮುಗಿಸಿ ಮೊದಲು ಸೇರಿದ್ದು ಹಬೆಯಿಂದ ಟರ್ಬೈನ್ ತಿರುಗಿಸುವ ಕಾರ್ಖಾನೆಗೆ. ಹೆದರಿದವರ ಮೇಲೆ ಹಾವು ಎಸೆದಂತೆ! ಹಬೆ ಎಷ್ಟು ಶಾಖ ಹೊತ್ತು ಒಳಗೆ ಬಂತು, ಎಷ್ಟನ್ನು ಉಳಿಸಿಕೊಂಡು ಹೊರಗೆ ಹೋಯಿತು, ನಡುವೆ ಬಿಟ್ಟುಹೋದದ್ದರಲ್ಲಿ ಎಷ್ಟು ಕರೆಂಟಾಯಿತು ಎಂದು ಲೆಕ್ಕ ಹಾಕುವುದು ಅಲ್ಲಿ ಅವಳ ಕೆಲಸ. ಲೆಕ್ಕದಲ್ಲಿ ಒಂದು ದಿನವೂ ತಪ್ಪಲಿಲ್ಲ. ಆದರೆ ಎಲ್ಲಾದರೂ ಹಬೆ ಸೋರಿ ಕಿರುಚಿದರೆ ಪೆನ್ನು ಒಂದು ಕಡೆ, ಅವಳು ಒಂದು ಕಡೆ. ಕೊನೆಗೆ, ನೀರಾದರೆ ತಣ್ಣಗಿರುತ್ತದೆ ಎಂಬ ಭರವಸೆಯಲ್ಲಿ ಗುಡ್ಡದ ಬುಡದ ಜಲವಿದ್ಯುತ್ ಪವರ್ ಹೌಸಿಗೆ ಬಂದಳು.

ನೀರಿನ ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ನೀರು, ಎಷ್ಟು ಎತ್ತರದಿಂದ ಬೀಳುತ್ತದೆ, ಇವೆರಡನ್ನು ಗುಣಿಸಿ, ಭೂಮಿಯ ಸೆಳೆತದಿಂದ ಇನ್ನೊಮ್ಮೆ ಗುಣಿಸಿ, ಪೈಪಿನೊಳಗಿನ ತಿಕ್ಕಾಟಕ್ಕೂ ಯಂತ್ರದ ಸವೆತಕ್ಕೂ ಒಂದಿಷ್ಟು ಕಳೆದರೆ ಕಿಲೋವ್ಯಾಟ್ ಸಿಕ್ಕಿತು. ಗುಡ್ಡದ ನೆತ್ತಿಯಲ್ಲಿ ವಾಲ್ವ್ ಮನೆ. ಅಲ್ಲಿಂದ ದೊಡ್ಡ ಪೈಪು ನೌಕರರ ಕ್ವಾರ್ಟರ್ಸಿನ ಹಿಂಬದಿಯಿಂದಲೇ ಇಳಿದು ಪವರ್ ಹೌಸಿಗೆ ಬರುತ್ತಿತ್ತು. ವಾಲ್ವ್ ನೋಡಿಕೊಳ್ಳುವವನು ಮಾತು ಕಡಿಮೆ, ನಗು ಜಾಸ್ತಿ ಎನ್ನುವಂಥ ಆಳು. ಅವನನ್ನೇ ಮದುವೆಯಾದಳು. ಮದುವೆಯಾದ ಮೇಲೆ ಅವನು ಡ್ಯೂಟಿಗೆ ಹೊರಟಾಗಲೆಲ್ಲ ಅವಳದು ಒಂದೇ ಪಾಠ: ವಾಲ್ವನ್ನು ನಿಧಾನಕ್ಕೆ ಮುಚ್ಚಿ, ಗಕ್ಕನೆ ಮುಚ್ಚಿದರೆ ಓಡುವ ನೀರು ತಿರುಗಿ ಗುದ್ದುತ್ತದೆ, ಪೈಪು ಸೀಳುತ್ತದೆ. ನಾನು ಇವಳಿಗಿಂತ ಮೊದಲು ಈ ವಾಲ್ವನ್ನೇ ಮದುವೆಯಾದವನು, ಅದರ ಸ್ವಭಾವ ನನಗೆ ಗೊತ್ತು ಎಂದು ಅವನು ಅತ್ತೆ ಸೊಸೆ ಇಬ್ಬರನ್ನೂ ನಗಿಸುತ್ತಿದ್ದ.

ಒಮ್ಮೆ ಅವಳು ಹಗ್ಗವನ್ನು ಹಾವೆಂದು ಕೂಗಿದ್ದೂ ಉಂಟು. ಒತ್ತಡದ ಗೇಜನ್ನು ಯಾರೋ ಗೋಡೆಯ ಮೇಲೆ ಎತ್ತರಕ್ಕೆ ಸರಿಸಿದ್ದರು. ಎತ್ತರಕ್ಕೆ ಹೋದ ಗೇಜು ಕಡಿಮೆ ತೋರಿಸಲೇಬೇಕಲ್ಲ. ಇವಳು ಅದನ್ನು ಮರೆತು, ಪೈಪು ಸೋರುತ್ತಿದೆ ಎಂದು ಮಿಷನ್ ನಿಲ್ಲಿಸಿ ಊರನ್ನೆಲ್ಲ ಕತ್ತಲಲ್ಲಿಟ್ಟಳು. ಅಂದಿನಿಂದ ಅವಳ ಹೆಸರು ಪುಕ್ಕಲು ಮೇಡಂ. ಕ್ಯಾಂಟೀನಿನಲ್ಲಿ ಯಾರ ಲೋಟ ಸೋರಿದರೂ, ಮೇಡಮ್ಮನ್ನ ಕರೀರಪ್ಪ ಎನ್ನುತ್ತಿದ್ದರು.

ಅದಕ್ಕೇ ಆ ದಿನ ಬೆಳಿಗ್ಗೆ ಲೆಕ್ಕ ಹೊಂದದೆ ಹೋದಾಗ ಅವಳು ತಕ್ಷಣ ಬಾಯಿ ಬಿಡಲಿಲ್ಲ. ಅಣೆಕಟ್ಟಿನ ಬಾಯಲ್ಲಿರುವ ಮೀಟರಿನ ಪ್ರಕಾರ ಬರಬೇಕಾದಷ್ಟು ನೀರು ಬರುತ್ತಿತ್ತು, ಕರೆಂಟು ಮಾತ್ರ ಕಡಿಮೆ. ಟರ್ಬೈನಿನ ರೆಕ್ಕೆ ಸವೆದಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಆದರೂ ಮನಸ್ಸು ತಡೆಯದೆ, ಯಂತ್ರದಿಂದ ಹೊರಬಿದ್ದ ನೀರನ್ನು ಕಾಲುವೆಯಲ್ಲಿ ಅಳೆದಳು. ಅದೂ ಕಡಿಮೆ ಇತ್ತು. ಮೇಲೆ ಹೊರಟ ನೀರು ಕೆಳಗೆ ತಲುಪುತ್ತಿಲ್ಲ. ಹಾಗಾದರೆ ಅಷ್ಟೂ ನೀರು ಗುಡ್ಡದ ಹೊಟ್ಟೆಗೆ ಹೋಗುತ್ತಿದೆ. ಗುಡ್ಡದ ಕೆಳಗೆ ಕ್ವಾರ್ಟರ್ಸು. ಮನೆಯಲ್ಲಿ ಮಂಡಿನೋವಿನ ಅತ್ತೆ, ಜ್ವರವೆಂದು ಶಾಲೆಗೆ ಹೋಗದೆ ಉಳಿದ ಮಗಳು. ಹಬೆಯಾದರೆ ಕಿರುಚಿಯಾದರೂ ಹೇಳುತ್ತದೆ, ಈ ಹಾಳು ನೀರು ಸದ್ದೇ ಮಾಡುವುದಿಲ್ಲ.

ನಗುವವರು ನಗಲಿ ಎಂದು ಸಾಹೇಬರ ಕೋಣೆಗೆ ನುಗ್ಗಿದಳು. ಅವರು ನಗಲಿಲ್ಲ. ಎರಡೂ ಅಳತೆಗಳನ್ನು ತಾವೇ ಒಮ್ಮೆ ಹೋಲಿಸಿ ನೋಡಿದರು, ಮುಖ ಬಿಳುಚಿತು. ಮನೆಗಳನ್ನು ಖಾಲಿ ಮಾಡಿಸಲು ಜನ ಓಡಿದರು. ವಾಲ್ವ್ ಮುಚ್ಚಲು ಅವಳ ಗಂಡ ಗುಡ್ಡ ಹತ್ತಿದ. ಹೋಗುವಾಗ ಅವಳ ಕಡೆ ನೋಡಿ, ನಿಧಾನಕ್ಕೇ ಮುಚ್ತೀನಿ ಮಾರಾಯ್ತಿ ಎಂದು ನಕ್ಕ.

ಅವನು ಮೇಲೆ ತಲುಪುವಷ್ಟರಲ್ಲಿ ಇಲ್ಲಿ ಟರ್ಬೈನ್ ನಿಲ್ಲಿಸಿದ್ದರು. ಈಗ ಗೇಜು ನೋಡಿದರೆ ನೀರು ಎಲ್ಲಿ ಸೋರುತ್ತಿದೆ ಅಂತ ತಿಳಿಯಬಹುದು ಎಂದರು ಸಾಹೇಬರು. ಮಾತು ಸರಿಯೇ. ಟರ್ಬೈನ್ ನಿಂತ ಮೇಲೂ ಪೈಪಿನಲ್ಲಿ ಓಡುವುದು ಸೋರುವ ನೀರೊಂದೇ. ಅದು ಪೈಪಿನಲ್ಲಿ ಬಹುದೂರ ಓಡಿ ಸೋರುತ್ತಿದ್ದರೆ ತಿಕ್ಕಾಟದಲ್ಲಿ ಒತ್ತಡ ಕಳೆದುಕೊಂಡಿರಬೇಕು. ಅವಳು ಗೇಜು ಓದಿದಳು. ಇನ್ನೊಮ್ಮೆ ಓದಿದಳು. ಒತ್ತಡ ಏನೇನೂ ಇಳಿದಿರಲಿಲ್ಲ. ನೀರು ಪೈಪಿನಲ್ಲಿ ಇಳಿಯುವುದಕ್ಕೆ ಮೊದಲೇ, ನೆತ್ತಿಯಲ್ಲೇ, ವಾಲ್ವ್ ದಾಟಿದ ಕೂಡಲೇ ವಾಲ್ವ್ ಮನೆಯ ಅಡಿಯಲ್ಲೇ ಮಣ್ಣಿಗೆ ಹೋಗುತ್ತಿತ್ತು. ಅವಳೇ ಅವನನ್ನು ಅಲ್ಲಿಗೆ ಕಳಿಸಿದಂತಾಗಿತ್ತು.

ಫೋನಿನ ಹತ್ತಿರ ಹೋಗುವಷ್ಟರಲ್ಲಿ ಅದೇ ಬಡಿದುಕೊಂಡಿತು.

“ನೆಲ ಬಿರುಕು ಬಿಟ್ಟಿದೆ ಕಣೇ” ಎಂದ ಅವನು. ದನಿಯಲ್ಲಿ ನಗು ಇರಲಿಲ್ಲ. “ಕಾಲ ಕೆಳಗೆ ಗುಡುಗುಡು ಅಂತಿದೆ. ವಾಲ್ವ್ ಅರ್ಧ ಮುಚ್ಚಿದೀನಿ. ಏನ್ಮಾಡ್ಲಿ?”

ಕಿಟಕಿಯಿಂದ ಕ್ವಾರ್ಟರ್ಸಿನ ಮೆಟ್ಟಿಲು ಕಾಣುತ್ತಿತ್ತು. ಬೇರೆ ಮನೆಯವರೆಲ್ಲ ರಸ್ತೆ ದಾಟಿದ್ದರು. ಅವಳ ಮಗಳು ಮಾತ್ರ ಅಜ್ಜಿಯ ಕೈ ಹಿಡಿದು ನಿಂತಿದ್ದಳು, ಅಜ್ಜಿ ಬಾಗಿಲಿಗೆ ಬೀಗ ಸರಿಯಾಗಿ ಬಿತ್ತೇ ಎಂದು ಎಳೆದು ನೋಡುತ್ತಿದ್ದರು. ಗುಡ್ಡ ಬಿದ್ದರೂ ಕಳ್ಳರು ಬರಬಾರದಲ್ಲ! ಇನ್ನೊಂದು ದಿನವಾಗಿದ್ದರೆ ನಗುತ್ತಿದ್ದಳು. ಅವನು ಈಗ ವಾಲ್ವ್ ಬಿಟ್ಟು ಓಡಿದರೆ ನೀರು ಮಣ್ಣನ್ನು ತಿನ್ನುತ್ತಲೇ ಇರುತ್ತದೆ, ವಾಲ್ವ್ ಮನೆ ಪೈಪಿನ ಸಮೇತ ಆ ಮೆಟ್ಟಿಲ ಮೇಲೆ ಬಂದು ಕೂರುತ್ತದೆ. ಬೇಗ ಬೇಗ ಮುಚ್ಚಿ ಬನ್ನಿ ಎನ್ನೋಣವೆಂದರೆ ನೀರಿನ ಗುದ್ದಿಗೆ ಸಡಿಲಾದ ಪೈಪು ಅಲ್ಲೇ ಸೀಳುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಕುಕ್ಕರಿಗೆ ಹೆದರಿದ್ದು, ಹಬೆಗೆ ಹೆದರಿದ್ದು ಎಲ್ಲ ಮಕ್ಕಳಾಟ ಅನ್ನಿಸಿತು.

“ಪೂರ್ತಿ ಮುಚ್ಚಿ” ಎಂದಳು. “ನಿಧಾನಕ್ಕೆ.”

ಸರಿ ಎಂದ ಅವನು. ರಿಸೀವರನ್ನು ಹಾಗೇ ಕೆಳಗಿಟ್ಟನೆಂದು ಕಾಣುತ್ತದೆ, ವಾಲ್ವಿನ ಚಕ್ರ ಕಿರ್ ಕಿರ್ ಎಂದು ತಿರುಗುವುದು ಅವಳಿಗೆ ಕೇಳಿಸುತ್ತಿತ್ತು. ಒಮ್ಮೆ ಏನೋ ದೊಡ್ಡದಾಗಿ ಕುಸಿದ ಸದ್ದಾಯಿತು, ಚಕ್ರದ ಸದ್ದು ನಿಂತಿತು. ಅವಳು ಹೆಸರು ಹಿಡಿದು ಕರೆದಳು. ಮತ್ತೆ ಕಿರ್ ಎಂದಿತು. ಅಷ್ಟು ನಿಧಾನವಾಗಿ, ಅವಳು ಹೇಳಿಕೊಟ್ಟಷ್ಟೇ ನಿಧಾನವಾಗಿ. ಆ ನಿಧಾನವನ್ನು ಅವಳು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು.

ವಾಲ್ವ್ ಮುಚ್ಚಿತು. ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಅವನು ಇಳಿದುಬಂದ. ಅವನ ಬೆನ್ನಿಗೇ ವಾಲ್ವ್ ಮನೆಯ ಒಂದು ಗೋಡೆ ಹಳ್ಳಕ್ಕೆ ಜಾರಿತು, ಅಷ್ಟಕ್ಕೇ ನಿಂತಿತು. ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಸಾಹೇಬರು ಎಲ್ಲರೆದುರು ಅವಳ ಕೈ ಕುಲುಕಿದರು. ಇನ್ನು ಪುಕ್ಕಲು ಮೇಡಂ ಅಂದವರಿಗೆ ಕ್ಯಾಂಟೀನಿನಲ್ಲಿ ಚಾ ಇಲ್ಲ ಎಂದು ಯಾರೋ ಅಂದರು. ಅವಳಿಗೆ ಯಾವುದೂ ಕಿವಿಗೆ ಬೀಳಲಿಲ್ಲ.

ಸಂಜೆ ಸಂಬಂಧಿಕರ ಮನೆಯಲ್ಲಿ ಊಟಕ್ಕೆ ಕೂತಾಗ ಅವನು ತಟ್ಟೆ ನೋಡುತ್ತಲೇ ಇದ್ದ. ಅತ್ತೆ ಮಲಗಲು ಒಳಗೆ ಹೋಗಿದ್ದರು.

“ಓಡಿ ಬನ್ನಿ ಅಂತೀಯ ಅಂದ್ಕೊಂಡಿದ್ದೆ” ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮಗಳು, ಅತ್ತೆ, ಮೆಟ್ಟಿಲು ಎಂದು ಏನೇನೋ ಹೇಳಲು ಹೊರಟಳು. ಅವನಿಗೂ ಅದೆಲ್ಲ ಗೊತ್ತಿದ್ದದ್ದೇ.

“ಅಂದಿದ್ರೆ ಬಂದ್ಬಿಡ್ತಿದ್ರಾ?” ಎಂದು ಕೇಳಿದಳು.

ಅವನು ತಲೆ ಎತ್ತಲಿಲ್ಲ.

“ಬಂದ್ಬಿಡ್ತಿದ್ದೆ” ಎಂದ.