ಎಳ್ಳಮವಾಸ್ಯೆಯಂದು ಯುರೋಪಿನ ತಾಲೀಮು

ಆ ದಿನ ನಾನು ಯಾವುದನ್ನು ಮೊದಲು ನೋಡಿದೆ ಎಂಬುದು ನನಗೆ ಖಚಿತವಿಲ್ಲ. ಇದು ಕಳೆದ ಎಳ್ಳಮವಾಸ್ಯೆಯ ಮಾತು, ಹಳೆಯದೇನಲ್ಲ. ಆದರೂ ನೆನಪು ಆಗಲೇ ನನಗೆ ಬೇಕಾದ ಹಾಗೆ ತನ್ನನ್ನು ತಿದ್ದಿಕೊಂಡಿದೆ ಎಂಬ ಗುಮಾನಿ ನನ್ನದು. ನಾನು ಇಂಡಿ ಪಟ್ಟಣದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡವನ ಮಾತನ್ನೂ ಪರೀಕ್ಷಿಸದೆ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ವರ್ಷವಿಡೀ ಹೇಳುತ್ತೇನೆ. ಈ ಸಲ ಕಂಡವನು ನಾನೇ.

ಬರುವ ಬೇಸಿಗೆಯಲ್ಲಿ ಯುರೋಪಿಗೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿತ್ತು. ಟೂರ್ ಕಂಪನಿಯ ಬಸ್ಸಿನಲ್ಲಿ ಅಲ್ಲ. ಮಲಗಲು ಹಾಸಿಗೆ, ಅಡುಗೆಗೆ ಒಲೆ ಎಲ್ಲ ಒಳಗೇ ಇರುವ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಜರ್ಮನಿಯಿಂದ ಇಟಲಿಯವರೆಗೆ ನಾವೇ ಓಡಿಸಿಕೊಂಡು ಹೋಗುವುದು. ಇದು ಪಿಯುಸಿ ಓದುವ ಮಗಳು ಮೇಘಾಳ ಕನಸು. ಗೋಡೆಗೆ ನಕಾಶೆ ಅಂಟಿಸಿ, ಎಲ್ಲಿ ಗಾಡಿ ನಿಲ್ಲಿಸಬಹುದು, ಎಲ್ಲಿ ನೀರು ತುಂಬಿಸಿಕೊಳ್ಳಬಹುದು ಎಂದು ಗುರುತು ಹಾಕಿದ್ದಳು. ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಜೊತೆಗಿದ್ದರೆ ತಾನೂ ಬರುತ್ತೇನೆ ಎಂದು ನನ್ನ ಅವ್ವ ಒಪ್ಪಿದ್ದಳು.

ಆದರೆ ನಾವ್ಯಾರೂ ಗಾಡಿಯಲ್ಲಿ ಒಂದು ದಿನವೂ ಸಂಸಾರ ಮಾಡಿದವರಲ್ಲ. ಹಾಗಾಗಿ ಮೊದಲು ತಾಲೀಮು ಮಾಡೋಣ ಎಂದೆ. ಗೆಳೆಯನ ವ್ಯಾನ್ ಕೇಳಿ ತಂದು, ಹಿಂದಿನ ಸೀಟು ಬಿಚ್ಚಿ, ಗಾದಿ ಹಾಸಿ, ಸಣ್ಣ ಗ್ಯಾಸ್ ಒಲೆ ಇಟ್ಟೆ. ನಿಯಮವನ್ನೂ ನಾನೇ ಮಾಡಿದೆ. ಗಾಡಿಯಲ್ಲಿ ಏನಿದೆಯೋ ಅದನ್ನೇ ಬೇಯಿಸಿ ತಿನ್ನಬೇಕು. ಯಾರ ಮನೆಗೂ ಹೋಗುವಂತಿಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ. ಅಲ್ಲಿ ನಮಗೆ ನೆಂಟರಿಲ್ಲವಲ್ಲ.

ಕಾಲೇಜಿಗೆ ರಜೆ ಇದ್ದದ್ದು ಎಳ್ಳಮವಾಸ್ಯೆಗೆ.

"ಅಮಾಸಿ ದಿನ ಮಂದಿ ಹೊಲಕ್ಕ ಹೋಗ್ತಾರ, ನೀ ರೋಡಿಗೆ ಹೊಂಟಿ" ಎಂದಳು ಅವ್ವ.

"ನಿಮ್ಮ ಮಗಗ ಇಂಡಿ ತಾಲೂಕಿನ್ಯಾಗ ಯುರೋಪ್ ಸಿಕ್ಕೈತ್ರಿ ಅತ್ತಿ, ನಡೀರಿ ನೋಡಿ ಬರೂಣು" ಎಂದು ಹೆಂಡತಿ ಶೋಭಾ ನಕ್ಕಳು.

ನಮ್ಮ ಹೊಲವನ್ನು ಬೇರೆಯವರಿಗೆ ಪಾಲಿಗೆ ಹಾಕಿದ ಮೇಲೆ ನಾವು ಆ ಹಬ್ಬಕ್ಕೆ ಹೊಲಕ್ಕೆ ಹೋಗುವುದನ್ನೇ ಬಿಟ್ಟಿದ್ದೆವು. ಹಾಗಾಗಿ ಒಂದು ವಿಷಯ ನನ್ನ ತಲೆಗೇ ಹೊಳೆಯಲಿಲ್ಲ. ಅವತ್ತು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲದಲ್ಲಿ ಸೇರುತ್ತಾರೆ. ದಾರಿಯಲ್ಲಿ ಹೋಗುವವರನ್ನು ಊಟಕ್ಕೆ ಕರೆಯದೆ ಬಿಡುವುದಿಲ್ಲ. ಕರೆದರೆ ಒಲ್ಲೆ ಎನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ.

ತಾಂಬಾ ಊರು ದಾಟಿ ಸ್ವಲ್ಪ ದೂರದಲ್ಲಿ, ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ವ್ಯಾನ್ ನಿಲ್ಲಿಸಿದೆ. ಶೋಭಾ ಒಲೆ ಹಚ್ಚಿ ಉಪ್ಪಿಟ್ಟಿಗೆ ನೀರಿಟ್ಟಳು. ನಾನು ಇನ್ನೂ ಸ್ಟೀರಿಂಗ್ ಮುಂದೆಯೇ ಕೂತಿದ್ದೆ. ನನ್ನ ನೆನಪಿನಲ್ಲಿ ಎಡಕ್ಕೆ ಆಳೆತ್ತರದ ಜೋಳ, ಅದರಾಚೆ ಒಂದು ತಗಡಿನ ಗುಡಿಸಲು. ಅಲ್ಲಿಂದ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು.

"ಗಾಡಿ ಕೆಟ್ಟೈತೇನ್ರಿ?"

"ಇಲ್ರಿ ಅಕ್ಕಾರ. ಯುರೋಪಿಗೆ ಹೋಗೂದೈತ್ರಿ. ಅಲ್ಲಿ ಗಾಡ್ಯಾಗ ಇರಬೇಕು, ಅದಕ್ಕ ರೂಢಿ ಮಾಡ್ಕೊಳ್ಳಾಕತ್ತೇವಿ."

ಅವಳು ಒಳಗೆ ಇಣುಕಿ ಗಾದಿ, ಒಲೆ, ಅವ್ವ ಎಲ್ಲವನ್ನೂ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಗಾಡ್ಯಾಗ ಬಾಳೇವು ಮಾಡಾಕ ಅಷ್ಟು ದೂರ ಹೋಗ್ತೀರಿ? ಕಬ್ಬು ಕಡ್ಯಾಕ ಹ್ವಾದಾಗ ನಾವು ಟ್ರ್ಯಾಕ್ಟರ್ ಡಬ್ಬಿ ಬುಡಕ ಪುಕ್ಕಟೆ ಮಾಡೀವಲ್ರೀ!"

ಮೇಘಾ ಜೋರಾಗಿ ನಕ್ಕಳು. ಆ ಹೆಣ್ಣುಮಗಳು ಅವ್ವನ ಕಡೆ ತಿರುಗಿದಳು. "ಇಳೀರಿ ಆಯಿ. ನಾವು ಪೂಜಿ ಗೀಜಿ ಮಾಡಂಗಿಲ್ಲ, ಆದ್ರ ಇವತ್ತ ಹೊಲದಾಗ ಊಟ ಬಿಡಂಗಿಲ್ಲ. ಭಜ್ಜಿ ಐತಿ, ಸಜ್ಜಿ ರೊಟ್ಟಿ ಐತಿ. ಒಂದ್ ತುತ್ತು ಉಂಡು ಹೋಗ್ರಿ."

"ಬ್ಯಾಡ್ರಿ" ಎಂದೆ ನಾನು. ಅವಳು ಮತ್ತೆ ಕರೆದಳು. ಮತ್ತೆ ಬೇಡ ಎಂದೆ, ಈ ಸಲ ಸ್ವಲ್ಪ ಬಿರುಸಾಗಿಯೇ. "ನಾವು ಹೊರಗಿಂದ ಏನೂ ತಿನ್ನಂಗಿಲ್ರಿ."

ಅವಳ ನಗು ನಿಂತಿತು. ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಅವ್ವ ತಲೆ ಎತ್ತಲಿಲ್ಲ. ಹೆಣ್ಣುಮಗಳು ಹೊಲದೊಳಗೆ ಹೋಗಿ, ಮಡಿಲಲ್ಲಿ ತೊಪ್ಪಲಿನ ಸಮೇತ ಗಜ್ಜರಿ ಗಡ್ಡೆ ತುಂಬಿಕೊಂಡು ಬಂದಳು.

"ಇವನ್ನಾರ ಒಯ್ರಿ" ಎಂದಳು. ದನಿ ಸಣ್ಣದಾಗಿತ್ತು. "ಹಸೇವ ಅದಾವ್ರಿ. ಅಡಗಿ ಮಾಡಿದ್ದಲ್ಲ."

ಆ ಕೊನೆಯ ಮಾತು ಕಿವಿಗೆ ಬಿದ್ದಾಗಲೇ ನಾನು ತಲೆಯೆತ್ತಿದೆ ಎಂದುಕೊಂಡಿದ್ದೇನೆ. ಗುಡಿಸಲಿನ ಮೇಲೆ ಬಿದಿರಿನ ಗಳಕ್ಕೆ ಕಟ್ಟಿದ ನೀಲಿ ಬಾವುಟ, ನಡುವೆ ಬಿಳಿ ಚಕ್ರ. ಅದನ್ನು ಕಂಡರೆ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ, ಅದು ಬೌದ್ಧರಾದ ದಲಿತರ ಹೊಲ. ನಮ್ಮಂಥವರು ಅವರ ಕೈಯಡುಗೆ ಉಣ್ಣದೆ ಹಸಿ ಕಾಯಿಪಲ್ಯವನ್ನಷ್ಟೇ ತೆಗೆದುಕೊಳ್ಳುತ್ತಿದ್ದದ್ದು ಆ ಹೆಣ್ಣುಮಗಳಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮರ್ಯಾದೆ ಹೋಗದಂತೆ ಅವಳೇ ದಾರಿ ಮಾಡಿಕೊಡುತ್ತಿದ್ದಳು.

ಆ ಕ್ಷಣ ಇಳಿದು ಅವಳ ಹಿಂದೆ ನಡೆದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಎರಡೂ ಕೈ ಚಾಚಿ ಗಜ್ಜರಿ ತೆಗೆದುಕೊಂಡೆ. "ಉಪಕಾರ ಆತ್ರಿ" ಎಂದೂ ಅಂದೆ.

ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅವ್ವ ಉಸಿರು ಬಿಟ್ಟಳು. "ಶಾಣ್ಯಾ ಅದಿ. ಆಕಿಗೂ ನೋವಾಗಬಾರದು, ನಮಗೂ ತೊಂದ್ರಿ ಆಗಬಾರದು, ಹಂಗ ತಪ್ಪಿಸ್ಕೊಂಡಿ."

ಅವ್ವ ನನ್ನನ್ನು ಹೊಗಳುತ್ತಿದ್ದಳು. ಅಷ್ಟು ನಾಚಿಕೆ ನನಗೆ ಬೈಗುಳದಿಂದಲೂ ಆಗಿರಲಿಲ್ಲ.

ಹಿಂದಿನಿಂದ ಮೇಘಾ ಕೇಳಿದಳು. "ಅಪ್ಪಾ, ಅದಕ್ಕ ನೀ ಬ್ಯಾಡ ಅಂದಿ?"

"ಇಲ್ಲವಾ! ತಾಲೀಮಿನ ಸಲುವಾಗಿ ಅಂದೆ. ಬಾವುಟ ನಾ ಮೊದಲ ನೋಡೇ ಇಲ್ಲ. ನಡುವ ಜೋಳ ಇತ್ತಲ್ಲ, ಕಾಣ್ಲಿಲ್ಲ."

"ಹೂಂ" ಎಂದಳು. ಅಷ್ಟೇ. ಮನೆಗೆ ಬಂದ ಮೇಲೆ ಅವಳು ನಕಾಶೆಯ ಮುಂದೆ ನಿಲ್ಲುವುದನ್ನು ಬಿಟ್ಟಳು. ಆಸ್ಟ್ರಿಯಾದ ದಾರಿ ಯಾವುದು ಎಂದು ಕೇಳಿದರೆ, "ನೀವ ನೋಡ್ರಿ" ಎನ್ನುತ್ತಿದ್ದಳು. ಗಜ್ಜರಿ ಅಡುಗೆಮನೆಯ ಮೂಲೆಯಲ್ಲಿ ಬಾಡಿದವು. ಅವನ್ನು ಬೇಯಿಸು ಎಂದು ಶೋಭಾಳಿಗೆ ನಾನು ಹೇಳಲಿಲ್ಲ, ಎಸೆ ಎಂದೂ ಹೇಳಲಿಲ್ಲ.

ನಾನು ಮಗಳಿಗೆ ನಿಜವನ್ನೇ ಹೇಳಿದೆನೆಂದು ದಿನವೂ ನನ್ನೊಂದಿಗೆ ವಾದ ಮಾಡಿದೆ. ಜೋಳದ ತೆನೆಗಳು ಗಾಳಿಗೆ ತೂಗುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಎರಡನೇ ಸಲ ಬೇಡ ಎಂದಾಗ ದನಿ ಯಾಕೆ ಬಿರುಸಾಯಿತು? ಬಿಸಿಲಿಗೋ, ನಿಯಮಕ್ಕೋ? ನಿಯಮವೇ ಆಗಿದ್ದರೆ ಗಜ್ಜರಿ ಹೇಗೆ ತೆಗೆದುಕೊಂಡೆ?

ಹದಿನೈದು ದಿನ ಕಳೆದಿರಬಹುದು, ಅದೇ ವ್ಯಾನ್ ಮತ್ತೆ ಕೇಳಿ ತಂದು ಒಬ್ಬನೇ ಹೋದೆ. ಅದೇ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಆ ಹೆಣ್ಣುಮಗಳು ಹೊಲದಲ್ಲೇ ಇದ್ದಳು. ಗುರುತು ಹಿಡಿದು, "ಏನ್ರಿ ಸರ, ಯುರೋಪ್ ಮುಗೀತೇನ್ರಿ?" ಎಂದಳು. ನಂತರ ಸ್ವಲ್ಪ ತಡೆದು, "ನೀರು... ಕುಡೀತೀರೇನ್ರಿ?"

ಕುಡಿದೆ. ಅದರಿಂದ ಏನೂ ಸರಿಹೋಗಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಬೇರೆ ಮಾತು ಬಂತು. "ಅಕ್ಕಾರ, ಇಲ್ಲಿ ಜೋಳ ಇತ್ತಲ್ರಿ? ಕೊಯ್ದ್ರೇನು?"

"ಇಷ್ಟ ಲಗೂನ ಜೋಳ ಯಾರು ಕೊಯ್ತಾರ್ರಿ?" ಅವಳಿಗೆ ನಗು ಬಂತು. "ನಮ್ಮ ಜೋಳ ಬಾವಿ ಹಿಂದ ಐತಿ. ಈ ಕಡೆ ಈ ವರ್ಷ ಕಡ್ಲಿನ ಬಿತ್ತೀವಿ."

ವ್ಯಾನ್ ಹತ್ತಿ, ಅವತ್ತು ಕೂತಂತೆಯೇ ಸ್ಟೀರಿಂಗ್ ಹಿಡಿದು ಕೂತು ಎಡಕ್ಕೆ ನೋಡಿದೆ. ಸಂಜೆ ಮೇಘಾಳನ್ನು ಕರೆದು ಕೂರಿಸಿ ಹೇಳಿದ್ದೂ, ಇಲ್ಲಿ ಬರೆಯುತ್ತಿರುವುದೂ ಅಷ್ಟನ್ನೇ: ನಡುವೆ ಇರುವುದು ಕಡಲೆ, ಮೊಣಕಾಲಿಗೂ ಬರುವುದಿಲ್ಲ. ಬಾವುಟ ಡ್ರೈವರ್ ಸೀಟಿನಿಂದ ಪೂರ್ತಿ ಕಾಣುತ್ತದೆ.