ಕದಿರಮ್ಮನ ಮೊದಲ ಕ್ಯಾಸೆಟ್ಟು

ದೊಡ್ಡಬಳ್ಳಾಪುರದ ಆ ಮಗ್ಗದ ಶೆಡ್ಡಿನಲ್ಲಿ ಮಾತನಾಡುವುದಕ್ಕೆ ಗಂಟಲು ಬೇಕಿರಲಿಲ್ಲ. ವಿದ್ಯುತ್ ಮಗ್ಗಗಳೆಲ್ಲ ಒಟ್ಟಿಗೆ ಬಡಿಯುತ್ತಿದ್ದರೆ ಕೂಗಿದರೂ ಕೇಳುವುದಿಲ್ಲ. ಅಲ್ಲಿಯ ಹೆಂಗಸರು ದನಿಯ ಹಂಗನ್ನೇ ಬಿಟ್ಟು ತುಟಿಯನ್ನಷ್ಟೇ ಅಗಲವಾಗಿ ಆಡಿಸುತ್ತಿದ್ದರು. ಎದುರಿನವರು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು.

ಸಾಸಲು ಹಳ್ಳಿಯಿಂದ ಮದುವೆಯಾಗಿ ಬಂದ ಕದಿರಮ್ಮ ಅಲ್ಲಿ ಪದಗಳನ್ನೂ ಹಾಗೆಯೇ ಕಟ್ಟಿದಳು. ತುಂಡಾದ ಎಳೆಗೆ ಗಂಟು ಹಾಕುತ್ತ, ಲಾಳಿಯ ಓಟಕ್ಕೆ ಮಾತು ಕೂಡಿಸಿ, ಎದುರು ಮಗ್ಗದ ವರಲಕ್ಷ್ಮಮ್ಮನಿಗೆ ತುಟಿಯಲ್ಲೇ ಹಾಡಿ ತೋರಿಸುವಳು. ರಾಗವನ್ನು ಸಂಜೆ ಮನೆಗೆ ನಡೆಯುವಾಗ ಎಲ್ಲರೂ ಸೇರಿ ಹಾಡಿಕೊಳ್ಳುವರು. ಗುಂಪಿನಲ್ಲಿ ಯಾರ ದನಿ ಯಾವುದೆಂದು ಯಾರು ಕೇಳಿದ್ದರು?

ತೊಂಬತ್ತೊಂದರಲ್ಲಿ, ಒಂದು ಮದುವೆಯ ಚಪ್ಪರದಲ್ಲಿ, ಬಸ್ ನಿಲ್ದಾಣದ ಬಳಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಮುನಿಕೃಷ್ಣ ಈ ಹೆಂಗಸರ ಪದಗಳನ್ನು ಕೇಳಿ ಬೆರಗಾದನು.

“ಯಾರ ಪದ ಇವು?”

“ನಮ್ ಕದಿರಮ್ಮಂದು ಕಣಪ್ಪ. ಯಾಕೆ, ನಿನ್ನಂಗಡೀಲಿ ಸಿಗಲ್ವಾ?” ಎಂದು ವರಲಕ್ಷ್ಮಮ್ಮ ನಗಾಡಿದಳು.

ಮುನಿಕೃಷ್ಣನಿಗೆ ಗಿಟಾರಿನ ಹುಚ್ಚು. ಹಳ್ಳಿಯ ಪದಕ್ಕೆ ತಮಟೆಯ ಜೊತೆ ಗಿಟಾರು ಕೂಡಿಸಿದನು. ಒಂದು ಕ್ಯಾಸೆಟ್ಟು ಮಾಡಿಸಲೆಂದು ಎಂಟು ಪದಗಳನ್ನು ಸಿದ್ಧಮಾಡಿದನು. ಕಟ್ಟಿದ ಕದಿರಮ್ಮನೇ ಅವನ್ನು ಹಾಡಬೇಕೆಂದು ನಿಶ್ಚಯವಾಯಿತು.

ಬೆಂಗಳೂರಿನ ಧ್ವನಿಮುದ್ರಣದ ಕೋಣೆಯಲ್ಲಿ ಅವಳನ್ನು ಗಾಜಿನಾಚೆ ಒಬ್ಬಳನ್ನೇ ನಿಲ್ಲಿಸಿ, ಕಿವಿಗೆ ಹೆಡ್‌ಫೋನು ಹಾಕಿದರು. ತಮಟೆಯೂ ಗಿಟಾರೂ ಕಿವಿಯೊಳಗೆ ಧಡಧಡನೆ ತುಂಬಿಕೊಂಡವು. ಕದಿರಮ್ಮ ಕಣ್ಣರಳಿಸಿ ಮನಸಾರೆ ಹಾಡಿದಳು.

ಗಾಜಿನ ಈಚೆ, ಕುರ್ಚಿಯಲ್ಲಿ ಕೂತಿದ್ದ ಮುನಿಕೃಷ್ಣನ ಪಕ್ಕದಲ್ಲಿ, ಯಂತ್ರ ನೋಡಿಕೊಳ್ಳುವ ಬೈರೇಶ್ ಒಂದು ತಂತಿ ಎಳೆದನು. ಮತ್ತೊಂದು ಸಿಕ್ಕಿಸಿದನು. ಮೈಕನ್ನೇ ಬದಲಿಸಿದನು. ಅವನ ಮಾತು ಒಳಗೆ ಕೇಳಿಸದು. ಆದರೆ ತುಟಿ ಓದುವವಳಿಗೆ ಅದೇನು ಕಷ್ಟ?

“ಏನೂ ಬರ್ತಿಲ್ಲ ಗುರು. ಮೀಟರಿನ ಮುಳ್ಳೇ ಅಲ್ಲಾಡ್ತಿಲ್ಲ.”

ಜೊತೆಗೆ ಬಂದು ಅವರ ಹತ್ತಿರವೇ ನಿಂತಿದ್ದ ವರಲಕ್ಷ್ಮಮ್ಮ ರೇಗಿದಳು. “ಬರ್ತಿಲ್ವಾ? ನಂಗೆ ಒಂದೊಂದು ಮಾತೂ ಕೇಳ್ತಾ ಐತಲ್ಲಪ್ಪ!” ಅಂದವಳೇ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಅಯ್ಯಯ್ಯೋ! ಇವ್ಳು ಮಗ್ಗದ ಮುಂದೆ ಹಾಡ್ದಂಗೆ ಹಾಡ್ತವ್ಳೆ!”

ಕದಿರಮ್ಮನ ಮುಖ ಕೆಂಪೇರಿತು. ಕಿವಿಯಲ್ಲಿ ಸದ್ದು ತುಂಬಿದೊಡನೆ ಗಂಟಲು ತಾನಾಗಿ ಮುಚ್ಚಿಕೊಂಡಿತ್ತು! ಮತ್ತೆ ಹಾಡಿದಳು. ಮೊದಲ ಸಾಲು ಬಂತು, ಎರಡನೆಯದು ತುಟಿಗೇ ನಿಂತಿತು. ಹೆಡ್‌ಫೋನು ತೆಗೆದರೆ ತಾಳ ತಪ್ಪಿತು.

“ಸಂಜೆಗೆ ಬೇರೆಯವರ ರೆಕಾರ್ಡಿಂಗ್ ಇದೆ,” ಮುನಿಕೃಷ್ಣನ ಕಡೆಗೆ ಬೈರೇಶನ ತುಟಿ ಆಡಿತು. “ಇಲ್ಲೇ ಹಾಡೋ ಹುಡುಗಿ ಇದಾಳೆ, ಅವಳ ಕೈಲಿ ಹಾಡ್ಸೋಣ. ಆ ‘ಒಸಿ’ ಗಿಸಿ ಎಲ್ಲಾ ತೆಗ್ದು ‘ಸ್ವಲ್ಪ’ ಅಂತ ಮಾಡ್ಕೊಳ್ತಾಳೆ.”

ಅದನ್ನು ಓದಿಕೊಂಡ ಕದಿರಮ್ಮ ಹೆಡ್‌ಫೋನನ್ನು ಮತ್ತೆ ಕಿವಿಗೇರಿಸಿದಳು. ತನ್ನ ಪದದೊಳಗಿನ ಅವ್ವನ ಹೊಲ, ತನ್ನ ಊರಿನ ಮಾತು, ಯಾರದೋ ಬಾಯಲ್ಲಿ!

ಅವಳು ಗಾಜಿನಾಚೆಗೆ ಗೆಳತಿಯನ್ನು ನೋಡಿದಳು. ಏನು ಮಾಡಲೇ ಎಂದು ತುಟಿಯಲ್ಲೇ ಕೇಳಿದಳು. ವರಲಕ್ಷ್ಮಮ್ಮ ಒಂದು ಗಳಿಗೆ ಅವಳನ್ನೇ ದಿಟ್ಟಿಸಿದಳು. ಆಮೇಲೆ ಸೆರಗು ಕೊಡವಿಕೊಂಡು, ಬೆನ್ನು ತಿರುಗಿಸಿ ನಿಂತುಬಿಟ್ಟಳು.

ಕದಿರಮ್ಮನಿಗೆ ಕೈಬಿಟ್ಟಂತಾಯಿತು. ಇಷ್ಟು ವರ್ಷ ತನ್ನ ಪದವೆಲ್ಲ ಹೋಗಿ ಸೇರುತ್ತಿದ್ದ ಆ ಎರಡು ಕಣ್ಣುಗಳೇ ಈಗಿಲ್ಲ. ಎದುರಿಗಿದ್ದುದು ಒಂದು ಬೆನ್ನು, ಒಂದು ತುರುಬು, ಎರಡು ಕಿವಿ. ಆ ಕಿವಿಗೆ ಮುಟ್ಟಿಸಬೇಕಾದರೆ ದಾರಿ ಒಂದೇ. ಹೊಟ್ಟೆಯಾಳದಿಂದ ಉಸಿರೆಳೆದಳು.

“ಒಸಿ ನಿಲ್ಲಿಸೋ ಬಸ್ಸಣ್ಣ ಸಾಸಲು ದಾರೀಲಿ,
ಅವ್ವನ ಹೊಲದ ಅವರೆ ಸೊಗಡು ಮೂಸ್ಕಂಡ್ ಬತ್ತೀನಿ...”

ಬೈರೇಶನ ಕೈ ಗುಂಡಿಯ ಮೇಲೆ ಇದ್ದಲ್ಲೇ ನಿಂತಿತು. ಮುನಿಕೃಷ್ಣ ಕುರ್ಚಿಯಿಂದೆದ್ದನು. ವರಲಕ್ಷ್ಮಮ್ಮನ ಹೆಗಲು ಮಾತ್ರ ಮೆಲ್ಲಗೆ ನಡುಗುತ್ತಿತ್ತು, ಅವಳು ತಿರುಗಲಿಲ್ಲ.

ಪದ ಮುಗಿಯಿತು. ಬೈರೇಶ್ ಅದನ್ನು ಮರಳಿ ಹಾಕಿದನು. ಕದಿರಮ್ಮನ ಕಿವಿಯಲ್ಲಿ ಒಂದು ದನಿ ಎದ್ದಿತು. ಒಸಿ ಒರಟು, ಬಿಸಿಲಿನ ಹೊಲದಂತೆ ವಿಶಾಲ.

“ಯಾರಪ್ಪಾ ಇದು ಹಾಡಿರೋದು?”

“ನೀವೇ ಕಣಮ್ಮಾ,” ಎಂದನು ಬೈರೇಶ್, ಅವಳಿಗೆ ಕೇಳಿಸುವ ಮೈಕಿನಲ್ಲಿ, ತಗ್ಗಿದ ದನಿಯಲ್ಲಿ.

ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದಳು. ವರಲಕ್ಷ್ಮಮ್ಮ ಕಣ್ಣೊರೆಸಿಕೊಳ್ಳುತ್ತ ಇತ್ತ ತಿರುಗಲು ಹೊರಟಳು. ಕದಿರಮ್ಮ ಗಾಜು ನಡುಗುವಂತೆ ಕೂಗಿದಳು:

“ಲೇ, ತಿರುಗ್ಬ್ಯಾಡ ಕಣೇ! ಹಂಗೇ ನಿಂತ್ಕೊ. ಇನ್ನೂ ಏಳು ಪದ ಐತೆ!”